ಗಣಿತದ ಅಂಕವನ್ನು ಪಾಠವಾರು ಬರೆಯುವುದು ಬಿಟ್ಟೆ: ನನ್ನ ಅನುಭವ

"ಇದೆಲ್ಲ ನಮ್ಮ ಮಕ್ಕಳಿಗೆ ಆಗಲ್ಲ ಮೇಡಂ" ಎಂಬ ಮಾತನ್ನು ಎರಡು ಮೂರು ವರ್ಷ ಕೇಳಿಸಿಕೊಂಡಿದ್ದೇನೆ. ಯಾವ ಮಗುವಿಗೆ ಗಣಿತದ ಯಾವ ಕೌಶಲ ಬರುತ್ತದೆ, ಯಾವುದು ಬರುವುದಿಲ್ಲ ಎಂದು ನಾನು ಬರೆದಿಡುವ ಚಾರ್ಟ್ ನೋಡಿ ಬೇರೆ ಶಿಕ್ಷಕರು ಹೇಳುತ್ತಿದ್ದ ಮಾತದು. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರ (ಒಂದೇ ವರ್ಷದ ಹಲವು ಅವಕಾಶಗಳಲ್ಲಿ ಮೊದಲನೆಯದು) ಫಲಿತಾಂಶ ಬಂದ ಮೇಲೆ ಅದೇ ಜನ "ಆ ನಿಮ್ಮ ಚಾರ್ಟ್ ಒಂದ್ಸಲ ಕಳಿಸಿ" ಅನ್ನತೊಡಗಿದರು. ಬರೀ ಚಾರ್ಟ್ ಕಳಿಸಿದರೆ ಪ್ರಯೋಜನವಿಲ್ಲ, ಅದರ ಹಿಂದಿನ ಪಾಡೂ ಗೊತ್ತಾಗಬೇಕು. ಅದಕ್ಕೇ ಬರೆಯುತ್ತಿದ್ದೇನೆ. ಸಿಸಿಇ ಎಂದರೆ ವರ್ಷವಿಡೀ ನಡೆಯುವ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ, ನೀಲನಕ್ಷೆ ಎಂದರೆ ಪ್ರಶ್ನೆಪತ್ರಿಕೆಯಲ್ಲಿ ಯಾವುದಕ್ಕೆ ಎಷ್ಟು ಅಂಕ ಎಂಬ ಪಟ್ಟಿ; ಶಿಕ್ಷಕರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ನನ್ನದು ಬಯಲುಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆ. ಹತ್ತನೇ ತರಗತಿಗೆ ಎರಡು ವಿಭಾಗ, ಎಂಬತ್ತರ ಆಸುಪಾಸು ಮಕ್ಕಳು. ಗಣಿತಕ್ಕೆ ನಾನೊಬ್ಬಳೇ. ಎಲ್ಲರಂತೆ ನಾವೂ ಪಾಸಿಂಗ್ ಪ್ಯಾಕೇಜ್ ನಂಬಿಕೊಂಡಿದ್ದೆವು: ಗ್ರಾಫ್ ಒಂದು, ಪ್ರಮೇಯ ಎರಡು, ಸೂತ್ರಗಳ ಪಟ್ಟಿ, ಜನವರಿಯಿಂದ ಬೆಳಿಗ್ಗೆ ಸಂಜೆ ವಿಶೇಷ ತರಗತಿ. 2024ರಲ್ಲಿ ವೆಬ್‌ಕಾಸ್ಟಿಂಗ್ (ಪರೀಕ್ಷಾ ಕೊಠಡಿಯ ಮೇಲೆ ಕ್ಯಾಮೆರಾ ನಿಗಾ) ಬಂದು ಅದರ ಬಣ್ಣ ಬಯಲಾಯಿತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಬಂತು. ಅದೂ ಕೃಪಾಂಕ ಪಡೆಯಲು ಬೇಕಾದ ಅರ್ಹತಾ ಅಂಕವನ್ನು ಶೇ 35ರಿಂದ 25ಕ್ಕೆ ಇಳಿಸಿ, ಕೃಪಾಂಕವನ್ನು ಶೇ 20ರವರೆಗೆ ಏರಿಸಿದ ಮೇಲೆ. ಕೃಪಾಂಕ ತೆಗೆದು ನೋಡಿದರೆ ನಮ್ಮ ಶಾಲೆಯಲ್ಲಿ ಗಣಿತ ಪಾಸಾದವರು ಅರ್ಧದಷ್ಟು ಮಾತ್ರ. ಮುಂದಿನ ವರ್ಷ ಆ ಕೃಪಾಂಕವೂ ಇಲ್ಲ ಅಂದಾಗ ಸಹೋದ್ಯೋಗಿಗಳು ಪ್ಯಾಕೇಜನ್ನು ಇನ್ನಷ್ಟು ಚಿಕ್ಕದು ಮಾಡಲು ಕೂತರು. ನಾನು ಅದಾಗಲೇ ಶುರು ಮಾಡಿದ್ದ ಬೇರೆ ಬಗೆಯ ಅಂಕಪಟ್ಟಿಯನ್ನೇ ನೆಚ್ಚಿಕೊಂಡು ಕೂತೆ.

ಎಫ್‌ಎ ಅಂದರೆ ವರ್ಷದ ನಡುವೆ ನಾಲ್ಕು ಸಲ ನಡೆಸುವ ರೂಪಣಾತ್ಮಕ ಮೌಲ್ಯಮಾಪನ. ಮಗುವಿನ ಹೆಸರಿನ ಮುಂದೆ ಎಫ್‌ಎ-1 ಇಷ್ಟು, ಎಫ್‌ಎ-2 ಇಷ್ಟು ಎಂದು ಬರೆದರೆ ನನಗೆ ಏನೂ ತಿಳಿಯುವುದಿಲ್ಲ. 20ಕ್ಕೆ 9 ಬಂದವನಿಗೆ ಯಾವ 11 ಹೋಯಿತು? ಹಾಗಾಗಿ ಅಧಿಕೃತ ರಿಜಿಸ್ಟರ್ ಇದ್ದ ಹಾಗೇ ಇರಲಿ ಎಂದು ಬಿಟ್ಟು, ಪಕ್ಕದಲ್ಲಿ ಬೇರೆಯೇ ಒಂದು ಚಾರ್ಟ್ ಮಾಡಿದ್ದೆ. ಅದರಲ್ಲಿ ಪಾಠದ ಹೆಸರಿಲ್ಲ, ಪರೀಕ್ಷೆಯ ಹೆಸರೂ ಇಲ್ಲ, ಕೌಶಲಗಳಿವೆ. "ವರ್ಗ ಸಮೀಕರಣದಲ್ಲಿ ಎ, ಬಿ, ಸಿ ಬೆಲೆಯನ್ನು ಚಿಹ್ನೆ ಸಮೇತ ಗುರುತಿಸುತ್ತಾಳೆ" ಎಂಬುದು ಒಂದು ಕೌಶಲ. "ಸೂತ್ರಕ್ಕೆ ಬೆಲೆಗಳನ್ನು ಆದೇಶಿಸಿ (ಹಾಕಿ) ಬಿಡಿಸುತ್ತಾಳೆ" ಎಂಬುದು ಇನ್ನೊಂದು. ಮೊದಲ ಸಲ ಪಟ್ಟಿ ನೂರು ದಾಟಿತು. ದಸರಾ ರಜೆಯ ಹೊತ್ತಿಗೆ ಅದನ್ನು ತುಂಬುವುದೇ ಕೆಲಸವಾಗಿ ಪಾಠ ಹಿಂದೆ ಬಿತ್ತು. ಆ ವರ್ಷದ ಚಾರ್ಟ್ ಅಲ್ಲಿಗೇ ನಿಂತಿತು. ಈಗಿನದರಲ್ಲಿ ಹತ್ತನೇ ತರಗತಿಯದು ನಲವತ್ತೈದರ ಸುತ್ತ, ಕೆಳಗಿನ ತರಗತಿಗಳದು ಒಂದು ಡಜನ್. ಇದಕ್ಕಿಂತ ಹೆಚ್ಚು ಬೇಡ.

ಆ ಡಜನ್ನಿನ ಕತೆ ಹೇಳಲೇಬೇಕು. ಸಮಾಂತರ ಶ್ರೇಢಿಯಲ್ಲಿ 2, 7, 12... ಇದರ 10ನೇ ಪದ ಕೇಳಿದ್ದೆ. ಸುಮಾರು ಇಪ್ಪತ್ತು ಮಕ್ಕಳು 55 ಬರೆದಿದ್ದರು. ಉತ್ತರ 47. ಹಳೆಯ ಪದ್ಧತಿಯಲ್ಲಾದರೆ ಸೂತ್ರಕ್ಕೆ ಅರ್ಧ ಅಂಕ ಕೊಟ್ಟು "ಶ್ರೇಢಿ ಇನ್ನೊಮ್ಮೆ ಓದು" ಎಂದು ಬರೆದು ಮುಂದೆ ಹೋಗುತ್ತಿದ್ದೆ. ಹಂತ ನೋಡಿದರೆ ಸೂತ್ರ ಸರಿ, ಆದೇಶ ಸರಿ, 2+9×5 ಎಂಬಲ್ಲಿಯವರೆಗೂ ಸರಿ. ಅಲ್ಲಿ 2ಕ್ಕೆ 9 ಮೊದಲು ಕೂಡಿಸಿ 11 ಮಾಡಿ 5ರಿಂದ ಗುಣಿಸಿದ್ದಾರೆ. ಈ ಮಕ್ಕಳಿಗೆ ಶ್ರೇಢಿ ಬರುತ್ತದೆ, ಕೂಡುವುದಕ್ಕಿಂತ ಮೊದಲು ಗುಣಿಸಬೇಕು ಎಂಬ ಕೆಳಗಿನ ತರಗತಿಯ ನಿಯಮ ಕೈಕೊಟ್ಟಿದೆ. ಅವರನ್ನು ಸಂಜೆ ಕೂರಿಸಿ ಮತ್ತೆ ಶ್ರೇಢಿ ಪಾಠ ಮಾಡಿದರೆ ಯಾರಿಗೆ ಲಾಭ? x²−3x−10=0 ಕೂಡ ಹಾಗೇ. ಮೂಲಗಳು 5 ಮತ್ತು −2. ಬಿ ಬೆಲೆಯನ್ನು −3 ಬದಲು 3 ತೆಗೆದುಕೊಂಡವರಿಗೆ −5 ಮತ್ತು 2 ಬರುತ್ತದೆ. ಉತ್ತರ ನೋಡಿದ ಕೂಡಲೇ ಎಲ್ಲಿ ತಪ್ಪಿದ್ದಾರೆ ಎಂದು ಹೇಳುವಂತೆ ಪ್ರಶ್ನೆ ಆರಿಸಬೇಕು. ಸಂಖ್ಯೆಗಳನ್ನು ಆರಿಸುವುದಕ್ಕೆ ನಾನು ಪಾಠ ಮಾಡುವುದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇನೆ. ಈ ವಿಷಯದಲ್ಲಿ ನಮ್ಮ ತಾಲ್ಲೂಕಿನಲ್ಲಿ ನನ್ನಷ್ಟು ತಲೆ ಕೆಡಿಸಿಕೊಂಡವರು ಇಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಪರೀಕ್ಷೆ ಅಂದರೆ ವಾರಕ್ಕೊಂದು ಚೀಟಿ, ಹತ್ತು ನಿಮಿಷ, ಮೂರು ಲೆಕ್ಕ. ಒಂದು ಈ ವಾರದ್ದು, ಒಂದು ತಿಂಗಳ ಹಿಂದಿನದು, ಒಂದು ಕೆಳಗಿನ ತರಗತಿಯದು. ಮೂರನೆಯದನ್ನು ತೆಗೆದುಬಿಡಿ ಎಂದು ಎಲ್ಲರೂ ಹೇಳಿದರು. ಮುಖ್ಯ ಶಿಕ್ಷಕರಂತೂ "ಮೇಡಂ, ಹತ್ತನೇ ಕ್ಲಾಸಿನ ಸಿಲೆಬಸ್ಸೇ ಮುಗೀತಿಲ್ಲ, ನೀವು ಆರನೇ ಕ್ಲಾಸಿಗೆ ಹೋದ್ರೆ ಹೆಂಗೆ" ಎಂದು ಮೀಟಿಂಗಿನಲ್ಲೇ ಕೇಳಿದರು. ತೆಗೆಯಲಿಲ್ಲ. ಫಲಿತಾಂಶ ಎತ್ತಿದ್ದು ಆ ಮೂರನೇ ಲೆಕ್ಕವೇ.

ಹೊಸ ಅಂಕ ಬಂದರೆ ಹಳೆಯದು ಹೋಗುತ್ತದೆ ಎಂಬುದು ಇನ್ನೊಂದು ನಿಯಮ. ಜುಲೈನಲ್ಲಿ ಬಾರದ್ದು ನವೆಂಬರಿನಲ್ಲಿ ಬಂದರೆ ಚಾರ್ಟಿನಲ್ಲಿ ನವೆಂಬರಿನದೇ ಉಳಿಯಬೇಕು, ಸರಾಸರಿ ಮಾಡಬಾರದು. ಎರಡು ಸಲ ಸೊನ್ನೆ ತೆಗೆದು ಮೂರನೇ ಸಲ ಪೂರ್ತಿ ಸರಿ ಮಾಡಿದ ಹುಡುಗಿಗೆ ಸರಾಸರಿ ಹಾಕಿದರೆ ಅವಳು ಇನ್ನೂ ಕಲಿತಿಲ್ಲ ಎಂದು ನಾವೇ ಸುಳ್ಳು ಬರೆದಂತೆ. ಹಾಗೆಯೇ ಜುಲೈನಲ್ಲಿ ಬಂದದ್ದು ಡಿಸೆಂಬರಿನಲ್ಲಿ ಮರೆತಿದ್ದರೆ ಅಂಕ ಇಳಿಯಲೂ ಬೇಕು. ಜಾಣ ಮಕ್ಕಳ ಪೋಷಕರು ಇದಕ್ಕೆ ಜಗಳಕ್ಕೇ ಬಂದರು.

ಮರುಪರೀಕ್ಷೆ ಬೇಕಾದವರು ಬನ್ನಿ ಎಂದು ಬಾಗಿಲು ತೆರೆದಿಟ್ಟದ್ದು ಮೊದಲ ವರ್ಷ ಪೂರ್ತಿ ಕೈಕೊಟ್ಟಿತು. ಓದದೇ ಬರುವವರು, ಅದೃಷ್ಟ ನೋಡಲು ಬರುವವರು, ಗೆಳತಿ ಬಂದಳೆಂದು ಬರುವವರು. ರಾತ್ರಿ ಹನ್ನೊಂದಕ್ಕೂ ತಿದ್ದುತ್ತಾ ಕೂತಿರುತ್ತಿದ್ದೆ. ಆಮೇಲೆ ಮರುಪರೀಕ್ಷೆಗೆ ಪ್ರವೇಶ ಪತ್ರ ಮಾಡಿದೆ. ತಪ್ಪಿದ ಲೆಕ್ಕವನ್ನು ತಿದ್ದಿ ತರಬೇಕು, ಎಲ್ಲಿ ತಪ್ಪಿದ್ದು ಎಂದು ಒಂದೇ ಸಾಲು ಬರೆಯಬೇಕು, ಅದೇ ಜಾತಿಯ ಹೊಸ ಲೆಕ್ಕವೊಂದನ್ನು ತಾನೇ ಕಟ್ಟಿ ತರಬೇಕು. ಬರುವವರು ಅರ್ಧಕ್ಕೆ ಇಳಿದರು, ಬಂದವರಲ್ಲಿ ಹೆಚ್ಚಿನವರು ಗೆದ್ದು ಹೋದರು. "ಗೊತ್ತಾಗಲಿಲ್ಲ", "ಅವಸರದಲ್ಲಿ ತಪ್ಪಾಯಿತು" ಎಂದು ಬರೆದರೆ ಪತ್ರ ವಾಪಸ್. "ಮೈನಸ್ ಮೂರರ ಮೈನಸ್ ಬಿಟ್ಟೆ" ಎಂದು ಬರೆದರೆ ಒಳಗೆ.

ಆಂತರಿಕ ಅಂಕದ ವಿಷಯಕ್ಕೆ ಬರುತ್ತೇನೆ. ಒಂದೊಂದು ಎಫ್‌ಎ 50ಕ್ಕೆ, ಅದರಲ್ಲಿ ಕಿರುಪರೀಕ್ಷೆ 20, ಚಟುವಟಿಕೆ 15 ಮತ್ತು 15, ನಾಲ್ಕೂ ಸೇರಿ 200 ಆಗಿ 20ಕ್ಕೆ ಇಳಿಯುತ್ತದೆ. ಆ ಚಟುವಟಿಕೆ ಹೆಸರಿನಲ್ಲಿ ಏನು ನಡೆಯುತ್ತದೆ ಎಂದು ನಮಗೆಲ್ಲ ಗೊತ್ತು. ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ ಗಣಿತಜ್ಞರ ಚಿತ್ರ, ಬಣ್ಣದ ಕಾಗದ, ಅಪ್ಪನ ಜೇಬಿನಿಂದ ಐವತ್ತು ನೂರು ರೂಪಾಯಿ. ಎಲ್ಲರಿಗೂ 14. ಕೊನೆಗೆ 20ಕ್ಕೆ 19 ಆಂತರಿಕ, 80ಕ್ಕೆ 15 ಲಿಖಿತ. ನಾನು ಆ ಪ್ರಾಜೆಕ್ಟ್ ನಿಲ್ಲಿಸಿ, ತಪ್ಪು ತಿದ್ದಿದ ಪುಸ್ತಕವನ್ನೇ ಒಂದು ಚಟುವಟಿಕೆ ಮಾಡಿದೆ. ಯಾವುದಕ್ಕೆ ಎಷ್ಟು ಅಂಕ ಎಂಬ ಮಾನಕಗಳನ್ನು ಮೊದಲೇ ಬರೆದು ರಿಜಿಸ್ಟರಿಗೆ ಅಂಟಿಸಿದೆ. ಶಾಲಾ ಭೇಟಿಗೆ ಬಂದ ಅಧಿಕಾರಿಯೊಬ್ಬರು "ಚಾರ್ಟ್, ಮಾಡೆಲ್ ಎಲ್ಲಿ?" ಎಂದು ಗದರಿದರು. ಮಕ್ಕಳ ಪುಸ್ತಕಗಳ ಕಟ್ಟು ಮುಂದಿಟ್ಟೆ. ಆರೇಳು ಪುಸ್ತಕ ತಿರುವಿ ಸಹಿ ಹಾಕಿದರು. ಆಂತರಿಕ ಅಂಕ ಬಿಗಿ ಮಾಡಿದರೆ ಪಾಸಾಗುವ ಮಗುವೂ ಬೀಳುತ್ತದೆ ಎಂಬ ಮುಖ್ಯ ಶಿಕ್ಷಕರ ಭಯ ನ್ಯಾಯವಾದದ್ದೇ. ಆದರೆ ತಿದ್ದಿಕೊಂಡವರಿಗೆ ಅಂಕ ಏರುವುದರಿಂದ ಹೆಚ್ಚಿನವರು 17, 18ಕ್ಕೇ ಬಂದು ನಿಂತರು.

ಇನ್ನು ದುಡ್ಡು. ಮೊದಲ ವರ್ಷ ವಾರಕ್ಕೆರಡು ಪರೀಕ್ಷೆ, ತಲೆಗೊಂದು ಪೂರ್ತಿ ಹಾಳೆ, ಜೆರಾಕ್ಸ್ ಪುಟಕ್ಕೆ ಒಂದೂವರೆ ರೂಪಾಯಿ. ವರ್ಷಕ್ಕೆ ಏಳು ಸಾವಿರದ ಹತ್ತಿರ ನನ್ನ ಕೈಯಿಂದಲೇ ಹೋಯಿತು. ಶಾಲಾ ಅನುದಾನದಲ್ಲಿ ಇದಕ್ಕೆ ಜಾಗವಿಲ್ಲ ಅಂದರು, ಎಸ್‌ಡಿಎಂಸಿಯಲ್ಲಿ (ಶಾಲೆಯ ಅಭಿವೃದ್ಧಿ ಸಮಿತಿ) ಕೇಳಿದರೆ ಕಾಂಪೌಂಡ್ ಮೊದಲು ಅಂದರು. ಎರಡನೇ ವರ್ಷ ಇಂಕ್ ಟ್ಯಾಂಕ್ ಪ್ರಿಂಟರ್ ತಂದೆ. ಹನ್ನೆರಡು ಹದಿಮೂರು ಸಾವಿರ, ಅರ್ಧ ಹಳೆಯ ವಿದ್ಯಾರ್ಥಿಗಳು ಕೊಟ್ಟರು. ವಾರಕ್ಕೊಂದೇ ಚೀಟಿ, ಒಂದು ಎ4 ಹಾಳೆಯಲ್ಲಿ ನಾಲ್ಕು. ವಾರಕ್ಕೆ ಇಪ್ಪತ್ತು ಹಾಳೆ, ವರ್ಷಕ್ಕೆ ಒಂದು ರೀಮ್ ಮುಗಿದು ಎರಡನೆಯದು ಒಡೆಯಬೇಕಾಗುತ್ತದೆ ಅಷ್ಟೇ. ಈಗ ಪೇಪರ್, ಇಂಕ್ ಎಲ್ಲ ಸೇರಿ ಸಾವಿರ, ಸಾವಿರದಿನ್ನೂರು. ಪ್ರಿಂಟರ್ ಬೇಡ ಅನ್ನುವವರು ಕಪ್ಪು ಹಲಗೆಯಲ್ಲೇ ಬರೆಯಬಹುದು, ಆದರೆ ಎರಡು ವಿಭಾಗಕ್ಕೂ ಒಂದೇ ಲೆಕ್ಕ ಕೊಡಬೇಡಿ. ಊಟದ ಬಿಡುವಿನಲ್ಲಿ ಉತ್ತರ ಆಚೆ ಕ್ಲಾಸಿಗೆ ತಲುಪಿರುತ್ತದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಉತ್ತರಕ್ಕೆ ತಕ್ಕಂತೆ ತಿರುಗಿಸಿ ಹಿಡಿಯುವ ಪ್ಲಿಕರ್ಸ್ ಕಾರ್ಡ್ ಹಿಡಿಸಿ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವುದು ಮಕ್ಕಳಿಗೆ ಬಲು ಖುಷಿ. ಆದರೆ ಬಹು ಆಯ್ಕೆಯಲ್ಲಿ ಹಂತ ಕಾಣುವುದಿಲ್ಲ, ತಪ್ಪು ದಾರಿಯಲ್ಲಿ ಹೋದವರಿಗೂ ಸರಿ ಉತ್ತರ ಬಂದಿರುತ್ತದೆ. 80 ಅಂಕದ ಪತ್ರಿಕೆಯಲ್ಲಿ ಬಹು ಆಯ್ಕೆ 8 ಮಾತ್ರ, ಎರಡು ಮೂರು ಅಂಕದ ಪ್ರಶ್ನೆಗಳೇ 43. ನನ್ನ ಗಮನ ಆ 43ರ ಮೇಲೆ, ಹಾಗಾಗಿ ಕಾರ್ಡ್ ಬಿಟ್ಟೆ. ಗೂಗಲ್ ಫಾರ್ಮ್ ಕಳಿಸಿ ನೋಡಿದೆ. ಮೊಬೈಲ್ ಅಪ್ಪನ ಜೊತೆ ಹೊಲದಲ್ಲಿರುತ್ತದೆ, ರಾತ್ರಿ ಬರುವ ಹೊತ್ತಿಗೆ ಡೇಟಾ ಮುಗಿದಿರುತ್ತದೆ.

ವಿಜ್ಞಾನ ಮೇಡಂ ಜೊತೆ ಮಾಡಿದ್ದು ಮಾತ್ರ ಚೆನ್ನಾಗಿ ಬಂತು. ವಿದ್ಯುಚ್ಛಕ್ತಿ ಪಾಠದಲ್ಲಿ 2 ಓಮ್, 3 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು ಎಂದು ಕೇಳಿದ್ದರು. ಬಹಳ ಮಕ್ಕಳು 2.5 ಬರೆದಿದ್ದರು. ಅವರು ಮಕ್ಕಳಿಗೆ ಸಮಾಂತರ ಜೋಡಣೆಯೇ ಅರ್ಥವಾಗಿಲ್ಲ ಎಂದು ಬೇಸರದಲ್ಲಿದ್ದರು. ನೋಡಿದರೆ ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಮಾಡಿ, ಅದನ್ನು ತಿರುಗಿಸಿದ್ದಾರೆ! ಸರಿಯಾಗಿ ಕೂಡಿದರೆ ಆರನೇ ಐದು, ತಿರುಗಿಸಿದರೆ ರೋಧ 1.2 ಓಮ್. ನನ್ನ ಚಾರ್ಟಿನಲ್ಲಿ ಭಿನ್ನರಾಶಿ ಸಂಕಲನದ ಮುಂದೆ ಖಾಲಿ ಇದ್ದ ಹೆಸರುಗಳೂ ಅವರ ಪಟ್ಟಿಯ ಹೆಸರುಗಳೂ ಹೆಚ್ಚುಕಮ್ಮಿ ಒಂದೇ. ಇಬ್ಬರೂ ಒಂದೇ ವಾರ ಭಿನ್ನರಾಶಿ ಚೀಟಿ ಕೊಟ್ಟೆವು, ಎರಡೂ ವಿಷಯದಲ್ಲಿ ಅಂಕ ಏರಿತು. ಪಠ್ಯ ಹೊಂದಾಣಿಕೆ ಎಂದು ತರಬೇತಿಗಳಲ್ಲಿ ಹೇಳುತ್ತಾರಲ್ಲ, ನನ್ನ ಕಣ್ಣಿಗೆ ಬಿದ್ದ ಹೊಂದಾಣಿಕೆ ಇದು.

2024ರ ಜೂನ್‌ನಲ್ಲಿ ಚಾರ್ಟಿನ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಯಿತು. 5, 8, 9ನೇ ತರಗತಿಗಳ ಮಂಡಳಿ ಪರೀಕ್ಷೆ ಕೋರ್ಟಿಗೆ ಹೋಗಿ, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತ್ತು. ಹತ್ತಕ್ಕೆ ಬಂದ ಮಕ್ಕಳ ಬಗ್ಗೆ ಯಾರ ಕೈಯಲ್ಲೂ ಸರಿಯಾದ ಅಂಕವಿರಲಿಲ್ಲ. ನಾನು ಒಂಬತ್ತಕ್ಕೂ ಚಾರ್ಟ್ ಇಟ್ಟಿದ್ದೆ. ಸೇತುಬಂಧವನ್ನು (ವರ್ಷದ ಶುರುವಿನಲ್ಲಿ ಹಿಂದಿನ ತರಗತಿಯ ಕೊರತೆ ತುಂಬುವ ಪಾಠ) ಎಲ್ಲರಿಗೂ ಒಂದೇ ಸಾಹಿತ್ಯ ಹಂಚದೆ, ಯಾರಿಗೆ ಏನು ಬೇಕೋ ಅದನ್ನೇ ಮಾಡಿಸಿದೆ. ಗುಂಪು ಮಾಡುವ ಕ್ರಮ ಮಾತ್ರ ನನ್ನಲ್ಲೇ ಇರಲಿ. ಜಾಣರು, ನಿಧಾನಿಗಳು ಎಂಬ ಲೆಕ್ಕದಲ್ಲಿ ಮಾಡುವುದಿಲ್ಲ ಎಂದಷ್ಟೇ ಹೇಳುತ್ತೇನೆ.

2025ರಲ್ಲಿ ಕೃಪಾಂಕವಿಲ್ಲದೆ, ಕ್ಯಾಮೆರಾ ಕೆಳಗೆ, ರಾಜ್ಯದ ಫಲಿತಾಂಶ ಶೇ 66.14 ಬಂದ ಪರೀಕ್ಷೆ-1ರಲ್ಲಿ ನಮ್ಮ ಎಂಬತ್ತು ಮಕ್ಕಳಲ್ಲಿ ಅರವತ್ತೆಂಟೋ ಎಪ್ಪತ್ತೋ ಗಣಿತ ಪಾಸು. ಲಿಖಿತದಲ್ಲಿ 60 ದಾಟುವವರು ಹಿಂದೆ ನಾಲ್ಕೈದು ಮಂದಿ ಇದ್ದರೆ ಈ ಸಲ ಹದಿನೈದಕ್ಕೂ ಹೆಚ್ಚು. ಪಾಸಿಂಗ್ ಪ್ಯಾಕೇಜ್ ಒಂದೂ ಹಂಚಿರಲಿಲ್ಲ. ಉಳಿದವರನ್ನು ಪರೀಕ್ಷೆ-2ಕ್ಕೆ ತಯಾರು ಮಾಡುವಾಗ ಪೂರ್ತಿ ಪುಸ್ತಕ ಮುಟ್ಟಲಿಲ್ಲ. ಒಬ್ಬೊಬ್ಬರ ಚಾರ್ಟಿನಿಂದ ಎಂಟು ಹತ್ತು ಕೌಶಲ ಆರಿಸಿ ಅಷ್ಟನ್ನೇ ಮಾಡಿಸಿದೆ. ಯಾವುದನ್ನು ಮೊದಲು ಆರಿಸಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ, ಅದನ್ನು ನೀಲನಕ್ಷೆ ಮುಂದಿಟ್ಟುಕೊಂಡು ನೀವೇ ಕಂಡುಕೊಳ್ಳಿ. ಹೆಚ್ಚಿನವರು ಪಾಸಾದರು. ಇಬ್ಬರು ಪರೀಕ್ಷೆಗೇ ಬರಲಿಲ್ಲ. ಮನೆಗೆ ಹೋದರೆ ಒಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೋಗಿಯಾಗಿತ್ತು. ಅದಕ್ಕೆ ಚಾರ್ಟಿನಲ್ಲಿ ಉತ್ತರವಿಲ್ಲ.

2025-26ರಿಂದ ಒಂದೊಂದು ಪಾಠ ಮುಗಿದ ಮೇಲೆ ಪರೀಕ್ಷಿಸುವ ಪಾಠ ಆಧಾರಿತ ಮೌಲ್ಯಮಾಪನವೂ ಬಂದಿದೆ. ಹೊರೆ ಎಂದು ಗೊಣಗುವವರ ಮಾತು ಸುಳ್ಳಲ್ಲ, ತಿದ್ದಿ ದಾಖಲಿಸುವುದರಲ್ಲೇ ಬಿಡುವಿನ ಅವಧಿಗಳೆಲ್ಲ ಹೋಗುತ್ತವೆ. ಆದರೆ ಜೊತೆಗೆ ಬಂದ ಪ್ರಶ್ನಕೋಶ ನನಗೆ ಒಳ್ಳೆಯ ಸಾಮಾನು. ಅದರ ಒಂದೊಂದು ಪ್ರಶ್ನೆಯ ಪಕ್ಕದಲ್ಲಿ ನನ್ನ ಚಾರ್ಟಿನ ಕೌಶಲ ಸಂಖ್ಯೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ, ಒಂದೇ ಪರೀಕ್ಷೆ ಎರಡಕ್ಕೂ ಆಗುತ್ತದೆ. ಪಾಸು ಅಂಕ ಶೇ 35ರಿಂದ 33ಕ್ಕೆ ಇಳಿದು, 625ಕ್ಕೆ 206 ಬಂದರೆ ಸಾಕು ಎಂದಾದ ಮೇಲೆ "ಇನ್ನು ನಿಮ್ಮ ಚೀಟಿ ಯಾಕೆ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. 206ಕ್ಕೆ ನಿಂತ ಹುಡುಗಿ ಪಿಯುಸಿಯಲ್ಲಿ ಲೆಕ್ಕಶಾಸ್ತ್ರ ತೆಗೆದುಕೊಂಡರೂ ಶೇಕಡಾವಾರು ಬೇಕು, ಭಿನ್ನರಾಶಿ ಬೇಕು. ಪಾಸು ಅಂಕ ಎಷ್ಟಕ್ಕಾದರೂ ಬರಲಿ, ನಾನು ಚೀಟಿ ನಿಲ್ಲಿಸುವುದಿಲ್ಲ.

ಮಾಡುವವರು ಜೂನ್‌ನಲ್ಲೇ ಶುರು ಮಾಡಿ, ಸೇತುಬಂಧದ ಪೂರ್ವ ಪರೀಕ್ಷೆಯನ್ನೇ ಮೊದಲ ಚೀಟಿ ಎಂದು ತಿಳಿಯಿರಿ. ದಸರಾ ಆದ ಮೇಲೆ ಶುರು ಮಾಡಿದರೆ ಹಳೆಯ ಕೌಶಲಗಳು ಎರಡನೇ ಸಲ ಬರುವಷ್ಟರಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಬಂದಿರುತ್ತದೆ. ಚಾರ್ಟನ್ನು ಗೋಡೆಗೆ ಹಾಕಬೇಡಿ. ನಾನು ಹೆಸರು ಸಮೇತ ಹಾಕಿದ್ದ ತಿಂಗಳು ಹಿಂದಿನ ಬೆಂಚಿನ ಮೂವರು ಗಣಿತದ ಅವಧಿಗೆ ಬರುವುದನ್ನೇ ಬಿಟ್ಟಿದ್ದರು. ಅವರವರ ಸಾಲು ಅವರವರ ಪುಸ್ತಕದ ಹಿಂದಿನ ಪುಟದಲ್ಲಿರಲಿ, ಪೂರ್ತಿ ಪಟ್ಟಿ ನಿಮ್ಮ ಬೀರುವಿನಲ್ಲಿರಲಿ.