ಪ್ರಧಾನಿ ಭಾಷಣವನ್ನು ಹೇಗೆ ಓದಬೇಕು?

ಪತ್ರಿಕೆಯ ಡೆಸ್ಕಿನಲ್ಲಿ ಪ್ರಧಾನಿ ಭಾಷಣದ ಸುದ್ದಿ ಬಂದರೆ ಅದು ಸಾಮಾನ್ಯವಾಗಿ ನನ್ನ ಪಾಲಿಗೇ ಬೀಳುತ್ತದೆ. ಸುದ್ದಿಸಂಸ್ಥೆಗಳ ವರದಿ (ಏಜೆನ್ಸಿ ಕಾಪಿ) ತುಂಡು ತುಂಡಾಗಿ ಬರುತ್ತಿರುತ್ತದೆ. ಟಿವಿಯಲ್ಲಿ ಆಗಲೇ ನಾಲ್ಕು ಜನ ಕೂತು ಅರ್ಥ ಹೇಳುತ್ತಿರುತ್ತಾರೆ. ಈ ಗಡಿಬಿಡಿಯಲ್ಲೇ ನನಗೊಂದು ಓದುವ ಕ್ರಮ ರೂಢಿಯಾಗಿದೆ. ಪ್ರಧಾನಿ ಯಾವ ಪಕ್ಷದವರಾದರೂ ಅದು ಬದಲಾಗುವುದಿಲ್ಲ. ದೇಶದ ಒಳಗಿನ ವಿಷಯವಾದರೆ ಮಾತಿನ ಹಿಂದೆ ಆದೇಶ ಬಂತಾ ಎಂದು ನೋಡುತ್ತೇನೆ. ಹೊರಗಿನ ವಿಷಯವಾದರೆ ಎದುರಿನ ದೇಶ ಏನು ಹೇಳಿತು ಎಂದು ನೋಡುತ್ತೇನೆ.

ಮೊದಲು ಪೂರ್ಣಪಾಠ ಹುಡುಕಿ. ಮೂವತ್ತು ಸೆಕೆಂಡಿನ ವಿಡಿಯೋ ತುಣುಕು ನೋಡಿ ವಾದಕ್ಕೆ ಇಳಿಯಬೇಡಿ. ಸರ್ಕಾರಿ ಕಾರ್ಯಕ್ರಮದ ಭಾಷಣಗಳ ಪಠ್ಯವನ್ನು ಪಿಐಬಿ (ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ) ಮತ್ತು ಪ್ರಧಾನಿ ಕಾರ್ಯಾಲಯದ ವೆಬ್‌ಸೈಟ್‌ಗಳು ಹಾಕುತ್ತವೆ. ವಿದೇಶ ಪ್ರವಾಸದ ಮಾತು, ಜಂಟಿ ಹೇಳಿಕೆ, ವಕ್ತಾರರ ಪತ್ರಿಕಾಗೋಷ್ಠಿ ಎಲ್ಲ ವಿದೇಶಾಂಗ ಸಚಿವಾಲಯದ ವೆಬ್‌ಸೈಟಿನಲ್ಲಿ ಸಿಗುತ್ತವೆ. ಚುನಾವಣಾ ರ್‍ಯಾಲಿಯ ಮಾತು ಬೇಕಾದರೆ ಪಕ್ಷದ ಪುಟಕ್ಕೆ ಹೋಗಬೇಕು. ಈ ವ್ಯತ್ಯಾಸ ಮುಖ್ಯ. ರ್‍ಯಾಲಿಯಲ್ಲಿ ಮಾತನಾಡುವವರು ಪಕ್ಷದ ನಾಯಕ, ಕೆಂಪುಕೋಟೆಯಲ್ಲಿ ಮಾತನಾಡುವವರು ಸರ್ಕಾರದ ಮುಖ್ಯಸ್ಥ. ವ್ಯಕ್ತಿ ಒಬ್ಬರೇ ಆದರೂ ಎರಡು ಮಾತಿಗೂ ಒಂದೇ ತೂಕ ಕೊಡಬಾರದು.

ಆಮೇಲೆ, ಆ ಮಾತು ಯಾರ ಕಿವಿಗೆ ಎಂದು ಕೇಳಿಕೊಳ್ಳಿ. ಎದುರಿಗೆ ಕೂತವರೇ ಕೇಳುಗರು ಆಗಿರಬೇಕಿಲ್ಲ. 2025ರ ಏಪ್ರಿಲ್ 24ರಂದು, ಕಾಶ್ಮೀರದ ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಮೇಲೆ ಭಯೋತ್ಪಾದಕ ದಾಳಿ ನಡೆದ ಎರಡೇ ದಿನಕ್ಕೆ, ನರೇಂದ್ರ ಮೋದಿ ಬಿಹಾರದ ಮಧುಬನಿಯಲ್ಲಿ ಪಂಚಾಯತ್ ರಾಜ್ ದಿನದ ಸಭೆಯಲ್ಲಿದ್ದರು. ಹಿಂದಿಯಲ್ಲಿ ಮಾತನಾಡುತ್ತಿದ್ದವರು ನಡುವೆ ಇಂಗ್ಲಿಷಿಗೆ ಹೊರಳಿದರು. ಭಯೋತ್ಪಾದಕರನ್ನೂ ಅವರ ಬೆನ್ನಿಗೆ ನಿಂತವರನ್ನೂ ಹುಡುಕಿ ಶಿಕ್ಷಿಸುತ್ತೇವೆ ಎಂದರು. ಆ ಸಾಲುಗಳು ಮಧುಬನಿಯ ಜನಕ್ಕಿಂತ ಜಾಸ್ತಿ ಹೊರದೇಶಗಳ ರಾಜಧಾನಿಗಳಿಗೆ ಹೇಳಿದ್ದು. 2003ರ ಏಪ್ರಿಲ್ 18ರಂದು ಅಟಲ್ ಬಿಹಾರಿ ವಾಜಪೇಯಿ ಶ್ರೀನಗರದ ಸಾರ್ವಜನಿಕ ಸಭೆಯಲ್ಲಿ ಪಾಕಿಸ್ತಾನಕ್ಕೆ ಸ್ನೇಹಹಸ್ತ ಚಾಚಿದ್ದೂ ಹೀಗೆಯೇ. ವೇದಿಕೆ ಒಳಗಿನದು, ಸಂದೇಶ ಹೊರಗಿನದು. ಅದೇ ವರ್ಷ ನವೆಂಬರ್‌ನಲ್ಲಿ ಗಡಿಯಲ್ಲಿ ಕದನ ವಿರಾಮ ಜಾರಿಗೆ ಬಂತು. ಹಾಗಾಗಿ ಊರು, ದಿನ, ಸಂದರ್ಭ ಈ ಮೂರನ್ನೂ ಭಾಷಣದ ನೆತ್ತಿಯ ಮೇಲೆ ಬರೆದಿಟ್ಟುಕೊಂಡೇ ಓದಲು ಶುರು ಮಾಡಿ.

ಒಳಗಿನ ವಿಷಯಕ್ಕೆ ಬಂದಾಗ ಕ್ರಿಯಾಪದಗಳಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ. ‘ಮಾಡಿದ್ದೇವೆ’, ‘ಮಾಡುತ್ತೇವೆ’, ‘ಮಾಡಬೇಕಿದೆ’ ಮೂರೂ ಬೇರೆ ಬೇರೆ. ಮೊದಲನೆಯದಕ್ಕೆ ಲೆಕ್ಕ ಕೇಳಿ, ಎರಡನೆಯದಕ್ಕೆ ದಿನಾಂಕ ಕೇಳಿ. ಮೂರನೆಯದು ಬರೀ ಆಸೆ, ಸುದ್ದಿಯಲ್ಲಿ ಅದನ್ನು ಯೋಜನೆ ಎಂದು ಬರೆಯಬಾರದು. ಘೋಷಣೆಯಿಂದ ಆದೇಶದವರೆಗಿನ ದಾರಿ ಹೇಗಿರುತ್ತದೆ ಎಂಬುದಕ್ಕೆ ಕೆಂಪುಕೋಟೆಯ ಭಾಷಣಗಳೇ ಒಳ್ಳೆಯ ಪಾಠ. ಯೋಜನಾ ಆಯೋಗ ಹೋಗಲಿದೆ ಎಂಬ ಮಾತು ಬಂದದ್ದು 2014ರ ಆಗಸ್ಟ್ 15ರಂದು, ಅದರ ಜಾಗಕ್ಕೆ ನೀತಿ ಆಯೋಗ ಹುಟ್ಟಿದ್ದು 2015ರ ಜನವರಿ 1ರಂದು. ಮೂರೂ ಪಡೆಗಳಿಗೆ ಒಬ್ಬ ಮುಖ್ಯಸ್ಥರ ಹುದ್ದೆಯನ್ನು 2019ರ ಆಗಸ್ಟ್ 15ರಂದು ಘೋಷಿಸಿದರು, ಸಂಪುಟದ ಒಪ್ಪಿಗೆ ಸಿಕ್ಕಿದ್ದು ಡಿಸೆಂಬರ್ 24ರಂದು. ಅದೇ ಭಾಷಣದಲ್ಲಿ ಬಂದ, ಹಳ್ಳಿಯ ಮನೆಮನೆಗೂ ನಲ್ಲಿ ನೀರು ಕೊಡುವ ಜಲಜೀವನ ಮಿಷನ್‌ಗೆ 2024ರ ಗಡುವು ಇತ್ತು. 2025ರ ಬಜೆಟ್‌ನಲ್ಲಿ ಅದನ್ನು 2028ರವರೆಗೆ ವಿಸ್ತರಿಸಿದರು. ನಮ್ಮ ಮನೆಗಳ ನಲ್ಲಿಗೆ ಸಂಬಂಧಪಟ್ಟ ವಿಷಯ ಇದು. ಆದರೂ ಘೋಷಣೆಗೆ ಸಿಕ್ಕ ಜಾಗದಲ್ಲಿ ಕಾಲುಭಾಗವೂ ವಿಸ್ತರಣೆಗೆ ಸಿಗುವುದಿಲ್ಲ. ಓದುಗರು ತಾವೇ ಬೆನ್ನು ಹತ್ತಬೇಕು.

ದುಡ್ಡಿನ ಅಂಕಿ ಬಂದರೆ ಅಲ್ಲೇ ನಿಂತುಬಿಡಿ. ಕೊರೊನಾ ಲಾಕ್‌ಡೌನ್ ನಡುವೆ, 2020ರ ಮೇ 12ರ ರಾತ್ರಿ ಪ್ರಧಾನಿ 20 ಲಕ್ಷ ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದರು. ಮೇ 13ರಿಂದ 17ರವರೆಗೆ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಐದು ಕಂತಿನಲ್ಲಿ ವಿವರ ಕೊಟ್ಟರು. ಕೊನೆಯ ದಿನ ಕೊಟ್ಟ ಪಟ್ಟಿಯಲ್ಲಿ ಒಟ್ಟು ಸುಮಾರು 20.97 ಲಕ್ಷ ಕೋಟಿ ಇತ್ತು. ಅದರಲ್ಲಿ ಸುಮಾರು 8 ಲಕ್ಷ ಕೋಟಿ ರಿಸರ್ವ್ ಬ್ಯಾಂಕಿನ ಕ್ರಮಗಳದ್ದು. ಸುಮಾರು 1.92 ಲಕ್ಷ ಕೋಟಿ ಅದಕ್ಕೂ ಮೊದಲೇ ಪ್ರಕಟವಾಗಿದ್ದ ನೆರವಿನದ್ದು. ಸಣ್ಣ ಉದ್ಯಮಗಳ ಹೆಸರಿನ 3 ಲಕ್ಷ ಕೋಟಿಯಂತೂ ಬ್ಯಾಂಕುಗಳು ಕೊಡುವ ಸಾಲ, ಸರ್ಕಾರದ್ದು ಅದಕ್ಕೆ ಖಾತರಿ. ಸಾಲವೂ ನೆರವೇ, ಬೇಡ ಅನ್ನುತ್ತಿಲ್ಲ. ಆದರೆ ಖಜಾನೆಯಿಂದ ಹೋಗುವ ದುಡ್ಡು ಬೇರೆ, ಖಾತರಿ ಬೇರೆ, ಬ್ಯಾಂಕಿಗೆ ಸಿಗುವ ನಗದು ಬೇರೆ. ಯಾವ ಪ್ಯಾಕೇಜ್ ಬಂದರೂ ಈ ಮೂರು ಕಾಲಂ ಹಾಕಿ ಅಂಕಿಗಳನ್ನು ಹಂಚಿ ನೋಡಿ. ನಾಲ್ಕನೆಯ ಕಾಲಂ ‘ಮೊದಲೇ ಹೇಳಿದ್ದು’. ಹತ್ತು ನಿಮಿಷದ ಕೆಲಸ, ಅಷ್ಟರಲ್ಲಿ ಭಾಷಣದ ನಿಜವಾದ ಗಾತ್ರ ಗೊತ್ತಾಗುತ್ತದೆ.

ಮಾತು ಸಂಸತ್ತಿನ ಒಳಗೆ ಆಡಿದ್ದಾ, ಹೊರಗೆ ಆಡಿದ್ದಾ ಅನ್ನುವುದನ್ನೂ ನೋಡಿ. ಸದನದಲ್ಲಿ ಸಚಿವರು ಕೊಟ್ಟ ಭರವಸೆಗಳನ್ನು ಹಿಂಬಾಲಿಸಲು ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಿ ಇದು 1953ರಿಂದ ಇದೆ. ಭರವಸೆ ಈಡೇರಿಸಲು ಮೂರು ತಿಂಗಳ ಗಡುವು. ಸಭೆ ಸಮಾರಂಭದ ಮಾತಿಗೆ ಇಂಥ ಯಾವ ಲೆಕ್ಕಪುಸ್ತಕವೂ ಇಲ್ಲ.

ಇನ್ನು ವಿದೇಶ ವ್ಯವಹಾರ. ಇಲ್ಲಿ ಭಾಷಣಕ್ಕಿಂತ ಜಂಟಿ ಹೇಳಿಕೆಯೇ ದೊಡ್ಡದು, ಯಾಕೆಂದರೆ ಅದರ ಒಂದೊಂದು ಸಾಲಿಗೂ ಎರಡೂ ಕಡೆಯ ಅಧಿಕಾರಿಗಳು ಗುದ್ದಾಡಿರುತ್ತಾರೆ. ಪ್ರತಿ ವಾಕ್ಯದಲ್ಲೂ ‘ಯಾರು ಹೇಳಿದರು’ ಎಂದು ನೋಡಿ. ‘ಉಭಯ ನಾಯಕರು’ ಎಂದಿದ್ದರೆ ಇಬ್ಬರೂ ಒಪ್ಪಿದ್ದು. ಒಬ್ಬರ ಹೆಸರಷ್ಟೇ ಇದ್ದರೆ ಅದು ಆ ಒಬ್ಬರ ಮಾತು. 2009ರ ಜುಲೈನಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಮತ್ತು ಪಾಕಿಸ್ತಾನದ ಪ್ರಧಾನಿ ಯೂಸುಫ್ ರಜಾ ಗಿಲಾನಿ ಕೊಟ್ಟ ಜಂಟಿ ಹೇಳಿಕೆ ತೆಗೆದು ನೋಡಿ. ಬಲೂಚಿಸ್ತಾನ ಪಾಕಿಸ್ತಾನದ ಪ್ರಾಂತ್ಯ, ಅಲ್ಲಿನ ಅಶಾಂತಿಗೆ ಭಾರತವೇ ಕಾರಣ ಎಂಬುದು ಪಾಕಿಸ್ತಾನದ ಆರೋಪ. ಅಲ್ಲಿನ ಬೆದರಿಕೆಗಳ ಬಗ್ಗೆ ಪಾಕಿಸ್ತಾನದ ಬಳಿ ಮಾಹಿತಿ ಇದೆ ಎಂಬ ಸಾಲಿನಲ್ಲಿ ಗಿಲಾನಿ ಹೆಸರು ಮಾತ್ರ ಇದೆ. ಆದರೂ ದೆಹಲಿಯಲ್ಲಿ ಗದ್ದಲ ಎದ್ದಿತು. ಒಬ್ಬರ ಮಾತೇ ಆದರೂ ಅದು ಭಾರತ ಒಪ್ಪಿದ ಕಾಗದದ ಒಳಗೆ ಕೂತಿತ್ತಲ್ವಾ? ಜುಲೈ 29ರಂದು ಮನಮೋಹನ್ ಸಿಂಗ್ ಲೋಕಸಭೆಯಲ್ಲಿ ವಿವರಣೆ ಕೊಡಬೇಕಾಯಿತು. ಆ ಹೇಳಿಕೆಯನ್ನೂ ಲೋಕಸಭೆಯ ಉತ್ತರವನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಮ್ಮೆ ಓದಿ. ವಿದೇಶಾಂಗ ಭಾಷೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಸಿಕ್ಕಿಲ್ಲ.

ಜಂಟಿ ಹೇಳಿಕೆ ಇಲ್ಲದಿದ್ದರೆ ಎರಡೂ ದೇಶಗಳ ಪ್ರಕಟಣೆ ಓದಲೇಬೇಕು. 2023ರ ಆಗಸ್ಟ್‌ನಲ್ಲಿ ಜೋಹಾನ್ಸ್‌ಬರ್ಗ್‌ನ ಬ್ರಿಕ್ಸ್ ಸಭೆಯಲ್ಲಿ ಮೋದಿ ಮತ್ತು ಚೀನಾ ಅಧ್ಯಕ್ಷ ಷಿ ಜಿನ್‌ಪಿಂಗ್ ಮಾತನಾಡಿದರು. ಭಾರತದ ಕೋರಿಕೆ ಮೇಲೆ ಮಾತುಕತೆ ನಡೆಯಿತು ಎಂದು ಚೀನಾ ಹೇಳಿತು. ಚೀನಾದ ಕೋರಿಕೆಯೇ ಬಾಕಿ ಇತ್ತು ಎಂದು ಭಾರತದ ಮೂಲಗಳು ಹೇಳಿದವು. ಯಾರು ಯಾರನ್ನು ಮಾತಿಗೆ ಕರೆದರು ಅನ್ನುವುದರಲ್ಲೇ ಒಮ್ಮತ ಇಲ್ಲದಾಗ, ಒಂದೇ ಕಡೆಯ ಪ್ರಕಟಣೆ ಹಿಡಿದು ಹೆಡ್‌ಲೈನ್ ಕೊಡುವುದು ಸರಿಯಲ್ಲ.

ಭಾಷಣ ಮುಗಿದ ಮಾರನೆಯ ದಿನವೂ ನೋಡುತ್ತಿರಿ. ಲಡಾಖ್‌ನ ಗಾಲ್ವಾನ್‌ನಲ್ಲಿ ಚೀನಾ ಸೈನಿಕರ ಜೊತೆಗಿನ ಘರ್ಷಣೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದ ಬಳಿಕ, 2020ರ ಜೂನ್ 19ರ ಸರ್ವಪಕ್ಷ ಸಭೆಯಲ್ಲಿ, ನಮ್ಮ ಗಡಿಯೊಳಗೆ ಯಾರೂ ನುಗ್ಗಿಲ್ಲ ಎಂದು ಪ್ರಧಾನಿ ಹೇಳಿದರು. ಮರುದಿನವೇ ಪ್ರಧಾನಿ ಕಾರ್ಯಾಲಯ ಸ್ಪಷ್ಟನೆ ಹೊರಡಿಸಿತು. ಜೂನ್ 15ರಂದು ಯೋಧರು ಅತಿಕ್ರಮಣದ ಯತ್ನವನ್ನು ವಿಫಲಗೊಳಿಸಿದ ನಂತರದ ಸ್ಥಿತಿಯ ಬಗ್ಗೆ ಆಡಿದ ಮಾತು ಅದು ಎಂದಿತು. ಇಂಥ ಸಂದರ್ಭದಲ್ಲಿ ಮೂಲ ಮಾತು, ಸ್ಪಷ್ಟನೆ ಎರಡನ್ನೂ ದಿನಾಂಕದ ಸಮೇತ ಇಟ್ಟುಕೊಳ್ಳಿ. ಎರಡರಲ್ಲಿ ಒಂದನ್ನೇ ಹಂಚುವವರು ಎರಡೂ ಬಣದಲ್ಲಿದ್ದಾರೆ.

ಇಟ್ಟುಕೊಳ್ಳಲು ಒಂದು ಸಾದಾ ನೋಟ್‌ಬುಕ್ ಸಾಕು. ಎಡಪುಟದಲ್ಲಿ ಮಾತು ಮತ್ತು ದಿನಾಂಕ, ಬಲಪುಟ ಆಮೇಲೆ ಆದದ್ದನ್ನು ಬರೆಯಲು ಖಾಲಿ. ರಕ್ತ ಮತ್ತು ನೀರು ಒಟ್ಟಿಗೆ ಹರಿಯಲಾರವು ಎಂದು ಪ್ರಧಾನಿ ಹೇಳಿದ್ದಾಗಿ 2016ರಲ್ಲಿ, ಕಾಶ್ಮೀರದ ಉರಿ ಸೇನಾ ನೆಲೆಯ ಮೇಲಿನ ದಾಳಿಯ ಬಳಿಕ ವರದಿಯಾಗಿತ್ತು. ಪಾಕಿಸ್ತಾನದ ಜೊತೆ ನದಿ ನೀರು ಹಂಚಿಕೊಳ್ಳುವ ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಡುವ ತೀರ್ಮಾನ ಬಂದದ್ದು 2025ರ ಏಪ್ರಿಲ್ 23ರಂದು. ಅಷ್ಟು ವರ್ಷ ಆ ಬಲಪುಟ ಖಾಲಿಯೇ ಇರಬೇಕಿತ್ತು. ಆದ್ದರಿಂದ ಪುಟ ಹರಿದು ಹಾಕಬೇಡಿ. ಪ್ರತಿ ವರ್ಷ ಫೆಬ್ರವರಿ 1ಕ್ಕೆ ಬಜೆಟ್ ದಾಖಲೆ ಬಂದಾಗ ಒಮ್ಮೆ, ಆಗಸ್ಟ್ 15ಕ್ಕೆ ಮೊದಲು ಇನ್ನೊಮ್ಮೆ ತೆಗೆದು, ತುಂಬಿದ್ದನ್ನು ತುಂಬಿಸುತ್ತಾ ಹೋಗಿ.