ಜೀವಂತ ಮೈಯ ಅಚ್ಚಿನ ಮೇಲೆ ಬಟ್ಟೆಯ ಶಿಲ್ಪ

ಮುರಿದ ಮೂಳೆಗೆ ಸುತ್ತುವ ಪ್ಲಾಸ್ಟರ್ ಬ್ಯಾಂಡೇಜಿನಿಂದ ಜೀವಂತ ವ್ಯಕ್ತಿಗಳ ಅಚ್ಚು ತೆಗೆದು, ಅದನ್ನೇ ಶಿಲ್ಪವಾಗಿ ನಿಲ್ಲಿಸುವ ಕ್ರಮವನ್ನು ಅಮೆರಿಕದ ಶಿಲ್ಪಿ ಜಾರ್ಜ್ ಸೀಗಲ್ 1961ರಲ್ಲಿ ಆರಂಭಿಸಿದರು. ಹೊಸಬರಿಗೆ ಇಂದಿಗೂ ಅದೇ ಸೂಕ್ತ ಸಾಮಗ್ರಿ.

ಮೊದಲು ಭಂಗಿಯನ್ನು ನಿರ್ಧರಿಸಬೇಕು. ರೂಪದರ್ಶಿ ಅರ್ಧ ಗಂಟೆ ಅಲುಗಾಡದೆ ಇರಬಲ್ಲ, ಬೆನ್ನಿಗೆ ಆಸರೆಯಿರುವ ಕುಳಿತ ಭಂಗಿಯೇ ಲೇಸು. ನಿಂತವರು ಮೊಣಕಾಲನ್ನು ಬಿಗಿಹಿಡಿದರೆ ತಲೆ ಸುತ್ತಿ ಬೀಳುವ ಸಂಭವವಿದೆ. ಹಳೆಯ ಉಡುಪಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ, ತೆರೆದ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಮುಂಗೈಯ ರೋಮಕ್ಕೆ ಜಿಪುಣತನ ತೋರಿದರೆ ಬಿಡಿಸುವಾಗ ರೂಪದರ್ಶಿಯ ಮುಖವೇ ಅದನ್ನು ಹೇಳುತ್ತದೆ.

ಬ್ಯಾಂಡೇಜನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಮೂರು ನಾಲ್ಕು ಪದರ ಹಾಕಿ, ನೇಯ್ಗೆಯ ಕಣ್ಣುಗಳು ಮುಚ್ಚುವವರೆಗೆ ಬೆರಳಿನಿಂದ ಉಜ್ಜಬೇಕು. ಪ್ಲಾಸ್ಟರ್ ಗಟ್ಟಿಯಾಗುವಾಗ ಶಾಖ ಹೊಮ್ಮುತ್ತದೆ. ಪದರ ದಪ್ಪವಾದಷ್ಟೂ, ನೀರು ಬಿಸಿಯಾದಷ್ಟೂ ಅದು ಏರಿ ಚರ್ಮವನ್ನು ಸುಡಬಲ್ಲದು. ಆದ್ದರಿಂದ ಕೈಯನ್ನಾಗಲಿ ಕಾಲನ್ನಾಗಲಿ ಪ್ಲಾಸ್ಟರಿನ ಪಾತ್ರೆಯಲ್ಲಿ ಮುಳುಗಿಸುವುದು ಸಲ್ಲದು, ಬೆರೆಸಿದಾಗ ಬಿಸಿಯಾಗುತ್ತ ಗಟ್ಟಿಯಾಗುವ ಅಂಟುದ್ರವವಾದ ಎಪಾಕ್ಸಿ ರಾಳವನ್ನಂತೂ ಮೈಯ ಹತ್ತಿರ ತರಲೇಬಾರದು. ಅಂಗವನ್ನು ಸುತ್ತಲೂ ಮುಚ್ಚದೆ, ಮುಂಭಾಗ ಮತ್ತು ಹಿಂಭಾಗವನ್ನು ಬೇರೆ ಬೇರೆಯಾಗಿ ತೆಗೆಯಬೇಕು. ಮುಖದ ಅಚ್ಚಿನಲ್ಲಿ ಮೂಗಿನ ಹೊಳ್ಳೆಗಳನ್ನು ತೆರೆದೇ ಬಿಡಬೇಕು. ಮಾತನಾಡಲಾಗದ ರೂಪದರ್ಶಿಗೆ ಕೈಸನ್ನೆಯೊಂದನ್ನು ಮೊದಲೇ ಗೊತ್ತುಮಾಡಿರಬೇಕು.

ಗಟ್ಟಿಯಾದ ಚಿಪ್ಪುಗಳನ್ನು ಬಿಡಿಸಿ, ಹೊಸ ಪಟ್ಟಿಗಳಿಂದ ಬೆಸೆದು, ಒಂದೆರಡು ದಿನ ಒಣಗಿಸಬೇಕು. ಮುಟ್ಟಿದರೆ ತಣ್ಣಗಿದೆಯೆಂದರೆ ಒಳಗೆ ತೇವ ಉಳಿದಿದೆ.

ನಿಜವಾದ ಶಿಲ್ಪಕಾರ್ಯ ಆರಂಭವಾಗುವುದು ಆಮೇಲೆ. ನೀರಿಗೆ ಪ್ಲಾಸ್ಟರ್ ಪುಡಿಯನ್ನು ಉದುರಿಸುತ್ತ ಕೆನೆಯ ಹದಕ್ಕೆ ತಂದು, ನೀರು ಹೀರುವ ಹತ್ತಿಬಟ್ಟೆಯನ್ನು ಅದರಲ್ಲಿ ಅದ್ದಿ, ಚಿಪ್ಪಿನ ಮೇಲೆ ಹೊದಿಸಬೇಕು. ಪಾಲಿಯೆಸ್ಟರ್ ಅಷ್ಟಾಗಿ ಹೀರುವುದಿಲ್ಲ. ನೆರಿಗೆಗಳನ್ನು ಅಂದಕ್ಕೆಂದು ಜೋಡಿಸಹೊರಟರೆ ಬಟ್ಟೆ ಪರದೆಯಾಗಿಬಿಡುತ್ತದೆ. ಭುಜ, ಮೊಣಕೈ, ಮಂಡಿಗಳಲ್ಲಿ ಬಟ್ಟೆಯನ್ನು ಒತ್ತಿ ಹಿಡಿದು, ಉಳಿದುದನ್ನು ಅದರ ಭಾರಕ್ಕೇ ಬಿಟ್ಟರೆ, ಮಡಚಿದ ಮೊಣಕೈಯ ಒಳಬದಿಯಲ್ಲಿ ಸಣ್ಣ ನೆರಿಗೆಗಳು ಗುಂಪುಗೂಡಿ, ಅಲ್ಲಿಂದ ಕೆಳಗೆ ಉದ್ದನೆಯ ಗೆರೆಗಳು ತಾವಾಗಿಯೇ ಇಳಿಯುತ್ತವೆ. ತಿದ್ದಲು ಸಿಗುವುದು ಕೆಲವೇ ನಿಮಿಷ. ಗಟ್ಟಿಯಾಗತೊಡಗಿದ ನೆರಿಗೆಯನ್ನು ಕೆದಕಿದರೆ ಪ್ಲಾಸ್ಟರ್ ಪುಡಿಯಾಗಿ ಉದುರುತ್ತದೆ.

ಪೂರ್ತಿ ಒಣಗಿದ ಮೇಲೆ ಅಕ್ರಿಲಿಕ್ ಬಣ್ಣ ಬಳಿಯಬಹುದು. ಪ್ಲಾಸ್ಟರ್ ಮಳೆನೀರಿಗೆ ಸವೆಯುವುದರಿಂದ ಶಿಲ್ಪವನ್ನು ಒಳಾಂಗಣದಲ್ಲಿಯೇ ಇಡಬೇಕು.