ಕಂಪ್ಯೂಟರಿನೊಳಗೆ ಸಾವಿರ ರೋಗಿಗಳು, ಮನೆಯಲ್ಲಿ ನಮ್ಮತ್ತೆ

ನನ್ನ ಸೋದರತ್ತೆಗೆ 68 ವರ್ಷ, ತೂಕ 42 ಕೆಜಿ. ಬಹಳ ವರ್ಷಗಳಿಂದ ಶುಗರ್ ಇದೆ. ಅಂಗಾಲು ಉರಿಗೆ ಅಂತ ಗ್ಯಾಬಪೆಂಟಿನ್ ಮಾತ್ರೆ ಶುರುವಾಯಿತು. ಉರಿ ಇಳಿಯಲಿಲ್ಲ, ಡೋಸ್ ಏರುತ್ತಾ ಹೋಗಿ ದಿನಕ್ಕೆ 1800 ಮಿಲಿಗ್ರಾಂ ಆಯಿತು. ಒಂದು ಬೆಳಗ್ಗೆ ಬಚ್ಚಲಲ್ಲಿ ಬಿದ್ದರು. "ತಲೆಯೆಲ್ಲಾ ಭಾರ ಕಣೋ, ಮಂಪರು ಬಿಡೋದೇ ಇಲ್ಲ" ಅಂದರು. ರಕ್ತದ ರಿಪೋರ್ಟ್ ತೆಗೆದು ನೋಡಿದೆ. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಅನ್ನುವ ಕಸ 1.0, ನಾರ್ಮಲ್.

ಬೆಂಗಳೂರಿನಲ್ಲಿ ನಾನು ಮಾಡುವ ಕೆಲಸವೇ ಇದು. ಔಷಧ ಮೈಯೊಳಗೆ ಎಷ್ಟು ಹೊತ್ತು ನಿಲ್ಲುತ್ತದೆ, ಹೇಗೆ ಹೊರಹೋಗುತ್ತದೆ ಅಂತ ಸಮೀಕರಣಗಳಲ್ಲಿ ಬರೆಯುವುದು; ಇದನ್ನೇ ಮಾದರಿ ಅನ್ನುತ್ತೇವೆ. ಆಮೇಲೆ ವಯಸ್ಸು, ತೂಕ, ಕಿಡ್ನಿಯ ಶಕ್ತಿ ಬೇರೆಬೇರೆಯಾಗಿರುವ ಸಾವಿರ ಜನರನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿ, ಅವರಿಗೆ ಮಾತ್ರೆ ಕೊಟ್ಟು ನೋಡುವುದು. ಇವರನ್ನೇ ವರ್ಚುವಲ್ ಪೇಷೆಂಟ್ ಅನ್ನುತ್ತೇವೆ.

ಅತ್ತೆಯ ಲೆಕ್ಕವನ್ನು ಒಂದು ಚೀಟಿಯ ಮೇಲೆ ಹಾಕಿದೆ. ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತ ಶುದ್ಧ ಮಾಡುತ್ತದೆ ಅಂತ ಅಂದಾಜಿಸಲು 1976ರಿಂದ ಬಳಕೆಯಲ್ಲಿರುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ: 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು. ಹೆಂಗಸರಾದರೆ ಅದನ್ನು 0.85ರಿಂದ ಗುಣಿಸಬೇಕು. ನಿಮಿಷಕ್ಕೆ 36 ಮಿಲಿಲೀಟರ್ ಬಂತು. ಅದೇ 1.0 ಕ್ರಿಯಾಟಿನಿನ್ ಇರುವ, 70 ಕೆಜಿ ತೂಗುವ 35ರ ಗಂಡಸಿಗೆ 102 ಬರುತ್ತದೆ. ರಿಪೋರ್ಟಿನಲ್ಲಿ ಇಬ್ಬರೂ ನಾರ್ಮಲ್! ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಅತ್ತೆಯ ಮೈಯಲ್ಲಿ ಸ್ನಾಯುವೇ ಕಡಿಮೆ. ಹಾಗಾಗಿ ಕಿಡ್ನಿ ಸೋತಿದ್ದರೂ ಸಂಖ್ಯೆ ಏರಿರಲಿಲ್ಲ.

ಗ್ಯಾಬಪೆಂಟಿನ್ ಲಿವರಿನಲ್ಲಿ ಕರಗುವುದಿಲ್ಲ, ಇದ್ದ ಹಾಗೇ ಕಿಡ್ನಿಯಿಂದ ಹೊರಹೋಗುತ್ತದೆ. ಹಾಗಾದರೆ ಅದೇ ಮಾತ್ರೆಗೆ ಅತ್ತೆಯ ರಕ್ತದಲ್ಲಿ ಔಷಧ ಆ ಗಂಡಸಿಗಿಂತ ಸುಮಾರು ಮೂರು ಪಟ್ಟು. ಕಿಡ್ನಿಯ ಲೆಕ್ಕ 30ರಿಂದ 59ರ ಒಳಗಿದ್ದರೆ ದಿನಕ್ಕೆ 400ರಿಂದ 1400 ಮಿಲಿಗ್ರಾಂ ಸಾಕು ಅಂತ ಔಷಧದ ಜೊತೆ ಬರುವ ಮಾಹಿತಿಯಲ್ಲೇ ಇದೆ. ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋದೆವು. ಅವರು ಹಂತಹಂತವಾಗಿ ಡೋಸ್ ಇಳಿಸಿದರು. (ಈ ಮಾತ್ರೆಯನ್ನು ನಾವಾಗಿಯೇ ಥಟ್ಟನೆ ನಿಲ್ಲಿಸಬಾರದು.)

ಅಂದೇ ಸಂಜೆ ನಮ್ಮಂಥ ತೂಕದ ರೋಗಿಗಳಿಗೆ ಅಂತಲೇ ಒಂದು ಗ್ಯಾಬಪೆಂಟಿನ್ ಮಾದರಿ ಕಟ್ಟಲು ಕೂತೆ. ಇದಕ್ಕೆ ಆರ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು.

ಮೊದಲ ಸಲ ವರ್ಚುವಲ್ ರೋಗಿಗಳನ್ನು ಸೃಷ್ಟಿಸುವಾಗ ದೊಡ್ಡ ತಪ್ಪು ಮಾಡಿದೆ. ವಯಸ್ಸನ್ನು ಒಂದು ಕಡೆಯಿಂದ, ತೂಕವನ್ನು ಇನ್ನೊಂದು ಕಡೆಯಿಂದ, ಕ್ರಿಯಾಟಿನಿನ್ ಮತ್ತೊಂದು ಕಡೆಯಿಂದ, ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಸುಮ್ನೆ ಚೀಟಿ ಎತ್ತಿದಂತೆ ಆರಿಸಿದೆ. ಸರಾಸರಿಗಳೆಲ್ಲ ಚೆನ್ನಾಗೇ ಕಂಡವು. ಒಬ್ಬೊಬ್ಬರನ್ನೇ ತೆಗೆದು ನೋಡಿದಾಗ ಎದೆ ಧಸಕ್ಕೆಂದಿತು. ಅಲ್ಲಿ ಒಬ್ಬ ಅಜ್ಜಿ: 84 ವರ್ಷ, 95 ಕೆಜಿ, ಕ್ರಿಯಾಟಿನಿನ್ 0.4. ಲೆಕ್ಕ ಹಾಕಿದರೆ ಕಿಡ್ನಿ 157. ಇಪ್ಪತ್ತರ ಓಟಗಾರನಿಗೂ ಅಷ್ಟು ಇರುವುದು ಅಪರೂಪ. ಇಂಥ ಅಜ್ಜಿಯರು ಹತ್ತಾರು ಮಂದಿ ಸೇರಿಕೊಂಡರೆ, ಜಾಸ್ತಿ ಡೋಸೂ ಸುರಕ್ಷಿತ ಅಂತ ಕಂಪ್ಯೂಟರ್ ಹೇಳಿಬಿಡುತ್ತದೆ. ಅದನ್ನು ನಂಬಿದರೆ ಬೀಳುವವರು ನಿಜವಾದ ಅಜ್ಜಿಯರು.

ಹಾಗಾಗಿ ದಾರಿ ಬದಲಿಸಿದೆ. ಒಂದು ಆಸ್ಪತ್ರೆಯ ಅನುಮತಿ ಪಡೆದು, ಹೆಸರು ಅಳಿಸಿದ ದಾಖಲೆಗಳಿಂದ ಒಬ್ಬೊಬ್ಬ ರೋಗಿಯ ಸಾಲನ್ನೂ ಇಡಿಯಾಗಿ ಎತ್ತಿಕೊಂಡೆ. ವಯಸ್ಸು, ತೂಕ, ಕ್ರಿಯಾಟಿನಿನ್ ಮೂರೂ ಒಂದೇ ಮೈಯಿಂದ ಬರಬೇಕು. ಸಾಲು ಬಿಡಿಸಿದರೆ ಮನುಷ್ಯನೇ ಕಳೆದುಹೋಗುತ್ತಾನೆ.

ಇನ್ನೊಂದು ವಿಷಯಕ್ಕೆ ಮೂರು ವಾರ ಹಿಡಿಯಿತು. ಗ್ಯಾಬಪೆಂಟಿನ್ ಕರುಳಿನಿಂದ ರಕ್ತಕ್ಕೆ ಸೇರಬೇಕಾದರೆ ಅದನ್ನು ಹೊತ್ತೊಯ್ಯುವ ಪ್ರೋಟೀನ್ ಬೇಕು. ಆ ಬಾಗಿಲು ಕಿರಿದು. ದಿನಕ್ಕೆ 900 ಮಿಲಿಗ್ರಾಂ ಕೊಟ್ಟರೆ ಸುಮಾರು 60 ಶೇಕಡಾ ಒಳಗೆ ಹೋಗುತ್ತದೆ, 2400 ಕೊಟ್ಟರೆ ಸುಮಾರು 34 ಮಾತ್ರ. ಅಂದರೆ ಡೋಸ್ ಎರಡು ಪಟ್ಟು ಮಾಡಿದರೆ ರಕ್ತದಲ್ಲಿ ಎರಡು ಪಟ್ಟು ಆಗುವುದಿಲ್ಲ. ಇದನ್ನು ಸೇರಿಸದೆ ಓಡಿಸಿದಾಗ, ರಕ್ತದಲ್ಲಿ ಔಷಧ ಎಷ್ಟಿದೆ ಅಂತ ತೋರಿಸುವ ನನ್ನ ಗೆರೆ ಪ್ರಕಟವಾದ ಅಂಕಿಗಳಿಗಿಂತ ಎಲ್ಲೋ ಮೇಲೆ ಹೋಗುತ್ತಿತ್ತು. ಸೇರಿಸಿದ ಮೇಲೆ ಕೂತಿತು. ಆರೋಗ್ಯವಂತರಲ್ಲಿ ಔಷಧ ಅರ್ಧಕ್ಕೆ ಇಳಿಯಲು 5ರಿಂದ 7 ಗಂಟೆ ಅನ್ನುವುದೂ ಹೊಂದಿತು. ಆಗಲೇ ನನಗೆ ಧೈರ್ಯ ಬಂದದ್ದು.

"ಕಂಪ್ಯೂಟರ್ ರೋಗಿಯನ್ನು ನಂಬೋದು ಹೇಗೆ ಸಾರ್?" ಅಂತ ಹೊಸದಾಗಿ ಸೇರಿದ ಹುಡುಗಿ ಕೇಳಿದಳು. ಅವಳಿಗೆ ಇನ್ಸುಲಿನ್ ಕಥೆ ಹೇಳಿದೆ. ಅಮೆರಿಕದ ವರ್ಜೀನಿಯಾ ಮತ್ತು ಇಟಲಿಯ ಪಡುವಾ ವಿಶ್ವವಿದ್ಯಾಲಯದವರು ಟೈಪ್ 1 ಡಯಾಬಿಟಿಸ್ ಇರುವ 300 ವರ್ಚುವಲ್ ರೋಗಿಗಳನ್ನು ಮಾಡಿದರು. ದೊಡ್ಡವರು, ಹದಿಹರೆಯದವರು, ಮಕ್ಕಳು ತಲಾ 100. ತಾನಾಗಿಯೇ ಇನ್ಸುಲಿನ್ ಕೊಡುವ ಪಂಪಿನ ಪರೀಕ್ಷೆಗೆ ಪ್ರಾಣಿಗಳ ಬದಲು ಇವರು ಸಾಕು ಅಂತ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು. ಆದರೆ ಅದರ ಬುಡದಲ್ಲಿ 204 ನಿಜವಾದ ಜನರಿದ್ದಾರೆ. ಅವರು ಊಟ ಮಾಡಿದ ಮೇಲೆ ಸಕ್ಕರೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಗುರುತು ಹಾಕಿದ ಗ್ಲೂಕೋಸ್ ಬಳಸಿ ಅಳೆದಿದ್ದರು. ಆ 204 ಜನ ರಕ್ತ ಕೊಟ್ಟಿದ್ದರಿಂದಲೇ ಈ 300 ಜನ ಹುಟ್ಟಿದ್ದು, ಅಲ್ವಾ? ನಮ್ಮಲ್ಲೂ 2023ರಲ್ಲಿ ಔಷಧ ಪರೀಕ್ಷೆಯ ನಿಯಮ ತಿದ್ದಿ, ಪ್ರಾಣಿಗಳ ಬದಲು ಕಂಪ್ಯೂಟರ್ ಮಾದರಿಗಳಿಗೂ ಜಾಗ ಮಾಡಿದ್ದಾರೆ. ಅದಕ್ಕೇ ನಮ್ಮ ಜನರ ಅಳತೆಗಳು ನಮಗೆ ಇನ್ನೂ ಜಾಸ್ತಿ ಬೇಕು.

ಮೊನ್ನೆ ಅತ್ತೆಯ ಮನೆಗೆ ಹೋದಾಗ ಮಾತ್ರೆಯ ಶೀಟ್ ನೋಡಿದೆ. ಇರಬೇಕಾದ್ದಕ್ಕಿಂತ ಜಾಸ್ತಿ ಮಾತ್ರೆ ಉಳಿದಿದ್ದವು. "ಉರಿ ಇಲ್ಲದ ದಿನ ಯಾಕೆ ನುಂಗಲಿ? ಜಾಸ್ತಿ ಉರಿದ ರಾತ್ರಿ ಎರಡು ಒಟ್ಟಿಗೆ ತಗೋತೀನಿ" ಅಂದರು. ನನ್ನ ಸಾವಿರ ರೋಗಿಗಳು ಒಂದು ಹೊತ್ತೂ ತಪ್ಪಿಸದೆ ಗಡಿಯಾರ ನೋಡಿಕೊಂಡು ನುಂಗುತ್ತಿದ್ದರು. ಹಾಗೆ ತಗೋಬೇಡಿ, ಮೊದಲು ಡಾಕ್ಟರಿಗೆ ಹೇಳೋಣ ಅಂತ ಅತ್ತೆಗೆ ಹೇಳಿ, ಅಲ್ಲೇ ಕೂತು ಕಳೆದ ಹದಿನೈದು ದಿನ ಯಾವತ್ತು ನುಂಗಿದರು, ಯಾವತ್ತು ಬಿಟ್ಟರು ಅಂತ ಕೇಳಿ ಬರೆದುಕೊಂಡೆ. ಆ ಪಟ್ಟಿಯನ್ನು ಈಗ ಮಾದರಿಗೆ ಸೇರಿಸುತ್ತಿದ್ದೇನೆ.